ಹನ್ನೊಂದನೇ ರೌಂಡಿಗೆ ನಿಂತ ಟೇಪು

ಆಗೆಲ್ಲ ಅಮೆರಿಕದ ಕ್ಯುಪರ್ಟಿನೋದಲ್ಲಿ ನಮ್ಮಂಥವರ ಮನೆಯ ಗರಾಜಿನಲ್ಲಿ ಕಾರೊಂದನ್ನು ಬಿಟ್ಟು ಉಳಿದದ್ದೆಲ್ಲ ಇರುತ್ತಿತ್ತು. ಕಾರು ಪಾಪ ಹೊರಗೆ ಬಿಸಿಲಲ್ಲಿ ಬೇಯುತ್ತಿತ್ತು. ಒಳಗೆ ನೆರಳಲ್ಲಿ ಸೋನಾ ಮಸೂರಿ ಚೀಲ, ಊರಿಂದ ಹೊತ್ತು ತಂದ ಬ್ಯಾಡಗಿ ಮೆಣಸಿನಕಾಯಿ, ಬೇಳೆ ಡಬ್ಬಿಗಳು, ಮುಂದಿನ ಸಲ ಊರಿಗೆ ಹೋಗುವಾಗ ಬೇಕೆಂದು ಒಂದರೊಳಗೊಂದು ತುರುಕಿಟ್ಟ ಖಾಲಿ ಸೂಟ್‌ಕೇಸುಗಳು. ಬಾಗಿಲು ಎತ್ತಿದರೆ ಮೆಣಸಿನ ಘಾಟೂ ಬಟ್ಟೆ ಒಗೆಯುವ ಸೋಪಿನ ವಾಸನೆಯೂ ಒಟ್ಟಿಗೇ ಮೂಗಿಗೆ ಬರುತ್ತಿದ್ದವು. ನಿಮ್ಮಲ್ಲೂ ಹಲವರ ಮನೆ ಹೀಗೇ ಇದ್ದಿರಬೇಕು. ನಮ್ಮ ಗರಾಜಿನಲ್ಲಿ ಇವೆಲ್ಲದರ ಜೊತೆಗೆ ದೊಡ್ಡಪ್ಪನೂ ಇದ್ದರು.

ದೊಡ್ಡಪ್ಪ ಅಂದರೆ ಅಪ್ಪನ ಅಣ್ಣ, ಶ್ರೀಪಾದ. ಧಾರವಾಡದಲ್ಲಿ ಬೆಳೆದು, ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದಿ, ಇಂಗ್ಲೆಂಡಿನ ಉತ್ತರಕ್ಕಿರುವ ಒಂದು ಊರಿನ ಆಸ್ಪತ್ರೆಯಲ್ಲಿ ಜನರ ಗಾಯಗಳಿಗೆ ಹೊಲಿಗೆ ಹಾಕುತ್ತಲೇ ಆಯುಷ್ಯ ಕಳೆದವರು. ಅವರಿಗೆ ಮಕ್ಕಳಿರಲಿಲ್ಲ. ದೊಡ್ಡಮ್ಮ ತೀರಿಕೊಂಡ ಮೇಲೆ ಅಪ್ಪ ಹಟ ಹಿಡಿದು ಅವರನ್ನು ನಮ್ಮಲ್ಲಿಗೆ ಕರೆಸಿಕೊಂಡರು. ಬರುವಾಗ ತಮ್ಮ ಹಳೇ ಟಿವಿಯನ್ನೂ ವಿಸಿಆರನ್ನೂ ಒಂದು ದೊಡ್ಡ ಪೆಟ್ಟಿಗೆ ತುಂಬ ಟೇಪುಗಳನ್ನೂ ಹಡಗಿಗೆ ಹಾಕಿಸಿ ತಂದರು. ಬ್ರಿಟನ್ನಿನ ಟೇಪು ಅಮೆರಿಕದ ಯಂತ್ರದಲ್ಲಿ ಓಡುತ್ತಿರಲಿಲ್ಲ. ಬ್ರಿಟನ್ನಿನ ಯಂತ್ರ ಅಮೆರಿಕದ ಕರೆಂಟಿಗೆ ಓಡುತ್ತಿರಲಿಲ್ಲ. ಅದಕ್ಕೆಂದು ಇಟ್ಟಂಗಿಯಷ್ಟು ಭಾರದ ಟ್ರಾನ್ಸ್‌ಫಾರ್ಮರೊಂದು ಬಂತು. ಆ ಸಂಸಾರವನ್ನೆಲ್ಲ ಮನೆಯ ಹಾಲ್‌ನಲ್ಲಿ ಇಡಲು ಅಮ್ಮ ಸುತರಾಂ ಒಪ್ಪಲಿಲ್ಲ. ಹಾಗಾಗಿ ಗರಾಜು.

ನನಗೆ ಆಗ ಹತ್ತು ವರ್ಷ. ಶಾಲೆಗೆ ಬೇಸಿಗೆ ರಜೆ ಕೊಟ್ಟಿದ್ದರೂ ಅಮ್ಮ ಕೊಟ್ಟಿರಲಿಲ್ಲ. ಮುಂದಿನ ವರ್ಷ ಜಾಣ ಮಕ್ಕಳ ಗಣಿತದ ಕ್ಲಾಸಿಗೆ ಸೇರಬೇಕಾದರೆ ಒಂದು ಪರೀಕ್ಷೆ ಇತ್ತು, ಅದಕ್ಕೆ ವರ್ಕ್‌ಶೀಟುಗಳ ರಾಶಿ. ಆ ಶಾಲೆಗಾಗಿಯೇ ಆ ಊರಲ್ಲಿ ಅಷ್ಟು ದುಬಾರಿ ಮನೆ ಕೊಂಡದ್ದೆಂದು ನನಗೆ ಗೊತ್ತಿತ್ತು, ಯಾಕೆಂದರೆ ದಿನಕ್ಕೊಮ್ಮೆ ಯಾರಾದರೂ ಅದನ್ನು ಹೇಳುತ್ತಿದ್ದರು. ಅದೇ ಬೇಸಿಗೆ ಧಾರವಾಡದಿಂದ ಅಜ್ಜಿ ಆರು ತಿಂಗಳ ಮಟ್ಟಿಗೆ ಬಂದಿದ್ದಳು. ಬೆಳಿಗ್ಗೆ ಡ್ರೈವ್‌ವೇ ಮೇಲೆ ಹಳೇ ಸೀರೆ ಹಾಸಿ ಸಂಡಿಗೆ ಇಡುವಳು. ನಾನು ಕಾಗೆ ಕಾಯುವ ನೆಪದಲ್ಲಿ ಪಕ್ಕದಲ್ಲೇ ಸೀಮೆಸುಣ್ಣದಿಂದ ಗೆರೆ ಎಳೆದು ಕುಂಟಾಬಿಲ್ಲೆ ಆಡುವೆ. ಹಸಿ ಸಂಡಿಗೆ ಹಿಟ್ಟನ್ನು ಕದ್ದು ತಿಂದರೆ ಉಪ್ಪೂ ಜೀರಿಗೆಯೂ ನಾಲಿಗೆಗೆ ಹತ್ತುತ್ತಿತ್ತು. ಹತ್ತು ಗಂಟೆಗೆ ಅಮ್ಮ ಒಳಗಿನಿಂದ ಕರೆದರೆ ಆಟ ಮುಗಿಯಿತು.

ಮಧ್ಯಾಹ್ನ ಊಟವಾದ ಮೇಲೆ ಗರಾಜಿನಲ್ಲಿ ಟೇಪು. ದೊಡ್ಡಪ್ಪ ಒಂದು ಬಟ್ಟಲು ಚುರುಮುರಿ ಹಚ್ಚಿಕೊಂಡು, ಪಕ್ಕದಲ್ಲಿ ಹಾಲು ಹಾಕಿದ ಇಂಗ್ಲಿಷ್ ಚಹಾ ಇಟ್ಟುಕೊಂಡು ಕೂರುವರು. ಅಜ್ಜಿ ಅಕ್ಕಿ ಚೀಲಕ್ಕೆ ಬೆನ್ನು ಕೊಟ್ಟು, ನಾನು ಸೂಟ್‌ಕೇಸಿನ ಮೇಲೆ. ಟ್ರಾನ್ಸ್‌ಫಾರ್ಮರು ಗುಂಯ್ ಅನ್ನುತ್ತಿರುತ್ತಿತ್ತು. ಪೆಟ್ಟಿಗೆಯಲ್ಲಿದ್ದ ಟೇಪುಗಳೆಲ್ಲ ಬಾಕ್ಸಿಂಗಿನವು. ಅದರಲ್ಲೂ ಒಂದು ವಿಚಿತ್ರವೆಂದರೆ, ಅವರೆಲ್ಲ ಬ್ರಿಟನ್ನಿನ ಒಳ್ಳೊಳ್ಳೆಯ ಬಾಕ್ಸರುಗಳು, ಆದರೆ ದೊಡ್ಡಪ್ಪ ಕತೆ ಹೇಳಿದವರಲ್ಲಿ ಒಬ್ಬನೂ ಲೋಕದ ಚಾಂಪಿಯನ್ ಆದವನಲ್ಲ.

"ಗೆದ್ದವ್ರ ಟೇಪು ಎಲ್ಲಾ ಅಂಗಡ್ಯಾಗೂ ಸಿಗ್ತಾವ," ಅನ್ನುತ್ತಿದ್ದರು ದೊಡ್ಡಪ್ಪ. "ಇವ್ರನ್ನ ನಾವಽ ಇಟ್ಕೋಬೇಕು."

ಒಬ್ಬೊಬ್ಬರ ಕತೆಯನ್ನೂ ಮನೆಯವರ ಕತೆ ಹೇಳಿದ ಹಾಗೆ ಹೇಳುತ್ತಿದ್ದರು. ಡೆನಿಸ್ ಅನ್ನುವವನು ಹಗಲು ಕಲ್ಲಿದ್ದಲ ಗಣಿಯಲ್ಲಿ ದುಡಿದು ಸಂಜೆ ಕೈಗೆ ಗವಸು ಹಾಕುತ್ತಿದ್ದ ಭಾರೀ ಆಳು. ದೇಶದ ಪಟ್ಟ, ಯುರೋಪಿನ ಪಟ್ಟ ಎರಡೂ ಅವನವೇ. ಲೋಕದ ಪಟ್ಟಕ್ಕೆ ಪಂದ್ಯ ಗೊತ್ತಾದಾಗಲೆಲ್ಲ ಆ ಚಾಂಪಿಯನ್ನನಿಗೆ ಏನಾದರೊಂದು ಆಗಿ ಪಂದ್ಯ ಮುಂದಕ್ಕೆ ಹೋಗುತ್ತಿತ್ತು. ಕೊನೆಗೆ ಡೆನಿಸನಿಗೇ ವಯಸ್ಸಾಯಿತು. ವೇಲ್ಸಿನ ಒಬ್ಬ ಕುಳ್ಳ ಅಮೆರಿಕಕ್ಕೇ ಬಂದು ಹೊಡೆದಾಡಿದ. ಕೂತವರೆಲ್ಲ ಅವನೇ ಗೆದ್ದನೆಂದು ಎದ್ದು ನಿಂತು ಚಪ್ಪಾಳೆ ತಟ್ಟಿದರು, ತೀರ್ಪುಗಾರರು ಮಾತ್ರ ಇನ್ನೊಬ್ಬನ ಕೈ ಎತ್ತಿದರು. ಸ್ಕಾಟ್‌ಲೆಂಡಿನವನದು ಇನ್ನೂ ಅನ್ಯಾಯ. ಅವನು ಎಷ್ಟು ಚೆನ್ನಾಗಿ ಆಡುತ್ತಿದ್ದನೆಂದರೆ ಯಾವ ಚಾಂಪಿಯನ್ನೂ ಅವನೆದುರು ನಿಲ್ಲಲು ಒಪ್ಪಲೇ ಇಲ್ಲ.

"ಅಯ್ಯ, ಅದೇನು ಗಂಡಸ್ತನ!" ಎಂದು ಅಜ್ಜಿ ಆ ಚಾಂಪಿಯನ್ನುಗಳನ್ನೆಲ್ಲ ಒಟ್ಟಿಗೇ ಬೈಯುವಳು.

ಅಜ್ಜಿಗೆ ಇದು ಹೊಸದಾಗಿರಲಿಲ್ಲ. ಅವಳ ತವರುಮನೆಯ ಎದುರಿಗೇ ಗರಡಿಮನೆ ಇತ್ತಂತೆ. ಪೈಲ್ವಾನರು ಕೆಮ್ಮಣ್ಣು ಮೆತ್ತಿಕೊಂಡು ಬಾವಿಕಟ್ಟೆಗೆ ಬರುವುದನ್ನು ನೋಡುತ್ತ ಬೆಳೆದವಳು. ಟಿವಿಯಲ್ಲಿ ಯಾರು ಹೊಡೆತ ತಿನ್ನುತ್ತಿದ್ದರೋ ಅವರು ಅವಳ ಕಡೆಯವರು. ಏಟು ಬಿದ್ದಾಗಲೆಲ್ಲ "ಪಾಪ, ಹಡದವ್ವ ನೋಡಿದ್ರ ಏನಾದೀತು" ಅನ್ನುವಳು. ಆಟ ಮುಗಿದ ಮೇಲೆ ಎದ್ದು ಹೋಗಿ ಟಿವಿಯ ಗಾಜನ್ನು ಎರಡೂ ಕೈಯಿಂದ ಸವರಿ, ಬೆರಳುಗಳನ್ನು ತನ್ನ ಕಪಾಳಕ್ಕೆ ಒತ್ತಿ ಲಟಿಕೆ ಮುರಿಯುವಳು. ಸಮುದ್ರದಾಚೆಯ ಆ ಕೆಂಪು ಮೂಗಿನ ಗಂಡಸರಿಗೆಲ್ಲ ನಮ್ಮ ಗರಾಜಿನಲ್ಲಿ ದೃಷ್ಟಿ ತೆಗೆಸಿಕೊಳ್ಳುವ ಯೋಗವಿತ್ತು.

ಎಲ್ಲರಿಗಿಂತ ಅವಳಿಗೆ ಅಚ್ಚುಮೆಚ್ಚಿನವನು ಹಸಿರು ಚಡ್ಡಿಯ ಕ್ಲಿಫ್. ಆ ಹೆಸರು ಅವಳ ಬಾಯಿಗೆ ಒಗ್ಗದೆ ಅವನನ್ನು ಕಲ್ಲಪ್ಪ ಎಂದು ಕರೆಯುತ್ತಿದ್ದಳು. ಕಲ್ಲಪ್ಪನದು ಲೋಕದ ಪಟ್ಟಕ್ಕೇ ನಡೆದ ಪಂದ್ಯ. ಒಟ್ಟು ಹನ್ನೆರಡು ರೌಂಡು. ಮೊದಲಿನಿಂದಲೂ ಅವನದೇ ಕೈ ಮೇಲು. ಎದುರಿನ ಚಾಂಪಿಯನ್ನು ಮೂಲೆ ಹಿಡಿದು ತತ್ತರಿಸುತ್ತಿದ್ದ. ಹನ್ನೊಂದನೇ ರೌಂಡಿನಲ್ಲಿ ಕಲ್ಲಪ್ಪನ ಎಡಹುಬ್ಬು ಒಡೆದು ರಕ್ತ ಕಣ್ಣಿಗಿಳಿಯುತ್ತಿತ್ತು. ಅಷ್ಟಕ್ಕೆ ದೊಡ್ಡಪ್ಪ ಎದ್ದು ಹೋಗಿ ಗುಂಡಿ ಒತ್ತಿಬಿಡುವರು.

"ಮುಂದ ಟೇಪು ಕೆಟ್ಟದ."

ನೋಡಿದಾಗಲೆಲ್ಲ ಅಷ್ಟೇ. ಉಳಿದವರು ಹೇಗೆ ಸೋತರೆಂದು ಅಷ್ಟೊಂದು ಹೇಳುತ್ತಿದ್ದ ದೊಡ್ಡಪ್ಪ ಕಲ್ಲಪ್ಪನ ಬಗ್ಗೆ ಮಾತೇ ಆಡುತ್ತಿರಲಿಲ್ಲ. ಒಂದು ಸಲ ಅಜ್ಜಿ, "ಇರ್ಲಿ ಬಿಡು, ಇನ್ನೊಂದಽ ರೌಂಡು ಉಳದಿತ್ತಲ್ಲ. ಇಷ್ಟು ಮಂದ್ಯಾಗ ಇಂವ ಒಬ್ಬಾಂವರೆ ಗೆದ್ದಾನಲ್ಲ" ಅಂದಳು. ದೊಡ್ಡಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಚಹಾದ ಕಪ್ಪು ತೆಗೆದುಕೊಂಡು ಒಳಗೆ ಹೋದರು. ನಾವಿಬ್ಬರೂ ಅದನ್ನು ಹೌದು ಎಂದೇ ತಿಳಿದೆವು.

ಸಂಜೆಯ ಪಾಳಿ ವರ್ಕ್‌ಶೀಟಿನದು. ಅಡಿಗೆಮನೆಯ ಮೇಜಿನ ಒಂದು ಕಡೆ ನಾನು, ಎದುರಿಗೆ ಚಪಾತಿ ಲಟ್ಟಿಸುತ್ತ ಅಮ್ಮ. ದೊಡ್ಡಪ್ಪನಿಗೆ ಒಂದು ಪದ್ಧತಿ ಇತ್ತು. ಒಂದು ಹಾಳೆ ಮುಗಿದರೆ ಸಣ್ಣ ಸ್ಟೂಲು ತಂದು ಹಾಕಿ ನನ್ನನ್ನು ಕೂರಿಸುವರು. ಒದ್ದೆ ಟವಲಿನಿಂದ ಮುಖ ಒರೆಸುವರು. ಹಿತ್ತಲ ಗಿಡದ ಕಿತ್ತಳೆ ತೊಳೆಯೊಂದನ್ನು ಬಾಯಿಗಿಟ್ಟು, "ಹೂಂ, ಚಾಲೆಂಜರ್ರು, ಏಳ್ರಿ. ಮುಂದಿನ ರೌಂಡು" ಅನ್ನುವರು. ಮತ್ತೆರಡು ಹಾಳೆಯಾದ ಮೇಲೆ ಅಂಗಿಯ ಜೇಬಿನಿಂದ ಪೆನ್ನಿನಂಥ ಟಾರ್ಚು ತೆಗೆದು, ಎಡಗೈಯಲ್ಲಿ ಹಿಡಿದು ನನ್ನ ಕಣ್ಣಿಗೆ ಬಿಡುವರು. ಒಂದು ಕಣ್ಣು, ಆಮೇಲೆ ಇನ್ನೊಂದು. ಬಗ್ಗಿದಾಗ ಅವರ ಮೈಯಿಂದ ಡೆಟಾಲಿನ ವಾಸನೆ ಬರುತ್ತಿತ್ತು.

"ಸಾಕು."

ದೊಡ್ಡಪ್ಪ ಸಾಕು ಅಂದರೆ ಮುಗಿಯಿತು, ಪುಸ್ತಕ ಮುಚ್ಚಲೇಬೇಕು. ಅಮ್ಮ ಮೈಸೂರಿನವಳು, ಭಾವನ ಎದುರು ದನಿ ಎತ್ತುವವಳಲ್ಲ. ಆದರೂ ಹೇಳದೆ ಇರುತ್ತಿರಲಿಲ್ಲ.

"ಭಾವ, ಇನ್ನೆರಡು ಪೇಜಷ್ಟೇ. ಮುಗಿಸಿಬಿಡ್ಲಿ."

"ಅಕಿ ಮುಗಸ್ತಾಳವಾ. ಅದು ಗೊತ್ತದ. ಆದ್ರ ಕಣ್ಣು ಬ್ಯಾಡ ಅಂತಾವ."

ಒಮ್ಮೆ ಕೇಳಿದೆ, "ದೊಡ್ಡಪ್ಪ, ಐ ಕ್ಯಾನ್ ಟೆಲ್ ಯೂ ಇಫ್ ಐ ಆಮ್ ಟಯರ್ಡ್. ಟಾರ್ಚು ಯಾಕೆ?"

"ಹೇಳಂಗಿಲ್ಲ ನೀ," ಅಂದರು. "ಯಾರೂ ಹೇಳಂಗಿಲ್ಲ. ತನ್ನ ಕಣ್ಣಾಗ ಏನದ ಅಂತ ತನಗ ಕಾಣಂಗಿಲ್ಲವಾ. ಇನ್ನೊಬ್ರು ನೋಡಬೇಕು."

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಫೋನು ಬಂತು. ಅಮ್ಮ ಎತ್ತಿ, ಸ್ವಲ್ಪ ಹೊತ್ತು ಕೇಳಿ, ಫೋನಿಗೆ ಕೈ ಅಡ್ಡ ಹಿಡಿದು ಹೇಳಿದಳು: "ಭಾವ, ನಿಮಗೆ. ಇಂಗ್ಲಿಷೇನೋ ಹೌದು, ಒಂದಕ್ಷರ ಅರ್ಥ ಆಗ್ತಿಲ್ಲ."

ದೊಡ್ಡಪ್ಪ ಫೋನು ಹಿಡಿದುಕೊಂಡು ನಿಂತೇ ಇದ್ದರು. ಅವರು ಆಡಿದ್ದು ಎರಡೋ ಮೂರೋ ಮಾತು. ಇಟ್ಟ ಮೇಲೆ ಅಪ್ಪನಿಗೆ ಹೇಳಿದರು, ಕ್ಲಿಫ್ ಎಂಬುವನು, ಹಳೇ ಪರಿಚಯದವನು, ಇಲ್ಲೇ ಹತ್ತಿರದ ಮಾರ್ಗನ್ ಹಿಲ್‌ನಲ್ಲಿ ಅವನ ಮಗಳಿದ್ದಾಳೆ, ಮೊಮ್ಮಗನನ್ನು ನೋಡಲು ಬಂದಿದ್ದಾನೆ.

"ಟಿವ್ಯಾಗಿನ ಕಲ್ಲಪ್ಪನಾ?" ಅಜ್ಜಿ ಎದ್ದೇ ನಿಂತಳು.

"ಭಾನುವಾರ ಊಟಕ್ಕೆ ಕರಿ ಅಣ್ಣಾ," ಅಂದರು ಅಪ್ಪ. ಯಾವ ತೊಂದರೆಯನ್ನಾದರೂ ಕ್ಯಾಲೆಂಡರಿನಲ್ಲಿ ಒಂದು ಕಡೆ ಕೂರಿಸಿದರೆ ಬಗೆಹರಿಯುತ್ತದೆಂದು ನಂಬಿದವರು ಅವರು.

"ಬ್ಯಾಡೋ."

"ಯಾಕ?"

"ಅಂವ ಊಟದ ಸಲುವಾಗಿ ಫೋನ್ ಮಾಡಿಲ್ಲ."

ಅಪ್ಪನೇ ಆ ನಂಬರಿಗೆ ಫೋನು ಮಾಡಿ ಕರೆದರು. ಆ ಸಂಜೆ ಟಾರ್ಚು ಬರಲಿಲ್ಲ, ಸ್ಟೂಲೂ ಬರಲಿಲ್ಲ. ವರ್ಕ್‌ಶೀಟನ್ನು ಕೊನೆಯ ಪೇಜಿನವರೆಗೆ ಮಾಡಿದೆ. ಅಮ್ಮನಿಗೆ ಖುಷಿಯಾಯಿತು, ನನಗೆ ತಲೆನೋವು ಬಂತು. ದೊಡ್ಡಪ್ಪ ಗರಾಜಿನಲ್ಲಿ ಟಿವಿ ಹಾಕದೆ ಸುಮ್ಮನೆ ಕೂತಿದ್ದರು. ಮರುದಿನವೂ ಹಾಗೇ. ಊಟಕ್ಕೆ ಕರೆದರೆ ಹಸಿವಿಲ್ಲ ಅನ್ನುತ್ತಿದ್ದರು.

ನನಗೆ ಏನೂ ತಿಳಿಯಲಿಲ್ಲ. ಚಾಂಪಿಯನ್ನೊಬ್ಬ ಮನೆಗೆ ಬರುತ್ತಾನೆಂದರೆ ಇವರಿಗೇಕೆ ಹೀಗೆ? ಬರುವವರಿಗೆಂದು ಒಂದು ಕಾರ್ಡು ಮಾಡಲು ಕೂತಿದ್ದೆ. ಮೇಲೆ ದೊಡ್ಡಕ್ಷರದಲ್ಲಿ 'ವರ್ಲ್ಡ್ ಚಾಂಪಿಯನ್' ಎಂದು ಬಣ್ಣ ತುಂಬಿಯಾಗಿತ್ತು. ಗೆದ್ದಾಗ ಅವರು ಕೈ ಹೇಗೆ ಎತ್ತಿದರೆಂದು ನೋಡಿ ಹಾಗೇ ಚಿತ್ರ ಬರೆಯಬೇಕೆಂದು ಆಸೆ. ಶನಿವಾರ ದೊಡ್ಡಪ್ಪನೂ ಅಪ್ಪನೂ ಗ್ರೋಸರಿಗೆ ಹೋದಾಗ ಗರಾಜಿಗೆ ಹೋಗಿ, ಕೆಟ್ಟಿದ್ದರೆ ಕೆಟ್ಟಿರಲಿ ಎಂದು ಟೇಪು ಹಾಕಿದೆ.

ಟೇಪು ಕೆಟ್ಟಿರಲಿಲ್ಲ.

ಹನ್ನೊಂದನೇ ರೌಂಡು. ರಕ್ತ ಇಳಿಯುತ್ತಿತ್ತು. ರೆಫರಿ ಆಟ ತಡೆದು ಕೆಳಗೆ ಯಾರನ್ನೋ ಕರೆದ. ರಿಂಗಿನ ಹಗ್ಗಗಳ ನಡುವೆ ನುಸುಳಿಕೊಂಡು ಸಣಕಲು ಮನುಷ್ಯನೊಬ್ಬ ಮೇಲೆ ಬಂದ. ದಪ್ಪ ಕಪ್ಪು ಕೂದಲು, ಕನ್ನಡಕ, ಮೈಗೆ ದೊಡ್ಡದಾದ ಕೋಟು. ಹತ್ತಿಯಿಂದ ರಕ್ತ ಒರೆಸಿ ರೆಪ್ಪೆ ಎತ್ತಿ ಪೆನ್ನಿನಂಥ ಟಾರ್ಚು ಬಿಟ್ಟ. ಹಿಡಿದದ್ದು ಎಡಗೈಯಲ್ಲಿ. ಅದರಿಂದಲೇ ನನಗೆ ಗುರುತು ಹತ್ತಿತು.

ಕ್ಲಿಫ್ ಬೇಡ ಬೇಡವೆಂದು ತಲೆ ಅಲ್ಲಾಡಿಸುತ್ತಿದ್ದ. ಗವಸಿನ ಕೈಗಳೆರಡರಿಂದಲೂ ದೊಡ್ಡಪ್ಪನ ಮಣಿಕಟ್ಟು ಒತ್ತಿ ಹಿಡಿದು ಏನೋ ಹೇಳಿದ. ದೊಡ್ಡಪ್ಪ ಕೈ ಬಿಡಿಸಿಕೊಳ್ಳಲಿಲ್ಲ. ಅವನ ಮುಖವನ್ನೇ ನೋಡುತ್ತ ನಿಂತರು. ಆಮೇಲೆ ರೆಫರಿಯ ಕಡೆ ತಿರುಗಿ ತಲೆ ಅಡ್ಡಡ್ಡ ಆಡಿಸಿದರು. ರೆಫರಿ ಕೈ ಬೀಸಿ ಆಟ ನಿಲ್ಲಿಸಿಬಿಟ್ಟ. ಕ್ಲಿಫ್ ಇದ್ದಲ್ಲೇ ಕುಸಿದು ಕೂತ. ಗಾಯಕ್ಕೆ ಆಟ ನಿಂತರೆ ಗಾಯವಾದವನೇ ಸೋತಂತೆ; ಎದುರಿನವನ ಕೈ ಎತ್ತಿದರು. ಜನ ಕಾಗದದ ಕಪ್ಪುಗಳನ್ನು ಎಸೆಯುತ್ತಿದ್ದರು, ಒಂದು ಬಂದು ದೊಡ್ಡಪ್ಪನ ಭುಜಕ್ಕೆ ಬಿತ್ತು. ಅವರು ತಲೆ ತಗ್ಗಿಸಿ ಇಳಿದು ಹೋದರು.

ಟೇಪನ್ನು ಹಿಂದಕ್ಕೆ ಓಡಿಸಿ ಇದ್ದ ಜಾಗದಲ್ಲೇ ಇಟ್ಟೆ. ಕಾರ್ಡನ್ನು ಅಕ್ಕಿ ಚೀಲದ ಕೆಳಗೆ ತುರುಕಿದೆ. ದೊಡ್ಡಪ್ಪ ಆ ಮನುಷ್ಯನಿಗೆ ಹೆದರಿದ್ದಾರೆಂದು ಆಗ ಅರ್ಥವಾಯಿತು. ಅವನು ಬಂದು ಹೊಡೆಯುತ್ತಾನೆಂದಲ್ಲ, ಏನು ಕೇಳುತ್ತಾನೋ ಎಂದು. ಒಳಗೆ ಹೋದರೆ ಅಜ್ಜಿ ಪೆಟ್ಟಿಗೆಯಿಂದ ಕೇಸರಿ ರೇಷ್ಮೆಯ ಒಂದು ರುಮಾಲು ತೆಗೆದು ಮಡಿಕೆ ಬಿಡಿಸುತ್ತಿದ್ದಳು. ಯಾರಿಗೂ ಹೇಳಬೇಡ ಎಂದು ಬಾಯಿಯ ಮೇಲೆ ಬೆರಳಿಟ್ಟು ನಕ್ಕಳು. ನಾಳೆ ಕಲ್ಲಪ್ಪನ ತಲೆಗೆ ಸುತ್ತಬೇಕಂತೆ. ಅವಳಿಗೆ ನಿಜ ಹೇಳಬೇಕೆಂದರೆ ದೊಡ್ಡಪ್ಪ ಇಷ್ಟು ದಿನ ಮುಚ್ಚಿಟ್ಟದ್ದನ್ನು ನಾನು ಬಿಚ್ಚಬೇಕಿತ್ತು. ನನ್ನಿಂದ ಆಗಲಿಲ್ಲ.

ಭಾನುವಾರ ಕ್ಲಿಫ್ ಅವರನ್ನು ಅವರ ಮಗಳು ಬಾಗಿಲಿಗೆ ತಂದು ಬಿಟ್ಟು, ಮಗುವನ್ನು ಪಾರ್ಕಿಗೆ ಕರೆದುಕೊಂಡು ಹೋದಳು. ನಾನು ಪೈಲ್ವಾನನನ್ನು ಎದುರುನೋಡಿದ್ದೆ. ಬಂದವರು ಅಗಲ ಭುಜದ, ಮೋಟು ಮನುಷ್ಯ. ಆ ಬಿಸಿಲಲ್ಲೂ ಟೈ ಕಟ್ಟಿದ್ದರು. ಎಡಹುಬ್ಬಿನ ನಡುವೆ ಕೂದಲಿಲ್ಲದ ಬಿಳಿ ಗೆರೆ ಇತ್ತು.

"ಡಾಕ್," ಅಂದರು.

"ಕ್ಲಿಫ್," ಅಂದರು ದೊಡ್ಡಪ್ಪ.

ಇಬ್ಬರೂ ಕೈ ಕುಲುಕಿದರು. ಅಪ್ಪ ಒಬ್ಬರೇ ಫ್ರೀವೇ ಟ್ರಾಫಿಕ್ಕು, ಮಾರ್ಗನ್ ಹಿಲ್‌ನ ಮನೆಗಳ ರೇಟು ಎಂದು ಎಲ್ಲರ ಪಾಲಿನದನ್ನೂ ಮಾತಾಡಿದರು. ಹೋಳಿಗೆ, ಎಣ್ಣೆಗಾಯಿ, ರೊಟ್ಟಿ, ಶೇಂಗಾ ಹಿಂಡಿ. ಕ್ಲಿಫ್ ಬೆವರು ಒರೆಸಿಕೊಳ್ಳುತ್ತ ಎಲ್ಲವನ್ನೂ ತಿಂದರು, ಬೇಡ ಅನ್ನಲಿಲ್ಲ. ಅಜ್ಜಿ ಅವರ ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತಲೇ ಇದ್ದಳು. ದೊಡ್ಡಪ್ಪ ರೊಟ್ಟಿಯ ಚೂರೊಂದನ್ನು ಮುರಿದು ಮುರಿದು ಪುಡಿ ಮಾಡುತ್ತಿದ್ದರು.

ಊಟ ಮುಗಿಯುತ್ತಲೇ ಅಜ್ಜಿ ದೇವರ ಮನೆಗೆ ಹೋಗಿ ಬಂದಳು. ಒಂದು ಕೈಯಲ್ಲಿ ಆರತಿ ತಟ್ಟೆ, ಇನ್ನೊಂದರಲ್ಲಿ ರುಮಾಲು.

"ಶ್ರೀಪಾದ, ಹೇಳಪಾ ಅವಗ. ನಮ್ಮ ಊರಾಗ ಗೆದ್ದ ಪೈಲ್ವಾನಗ ಹಿಂಗ ರುಮಾಲು ಸುತ್ತಿ, ಆರತಿ ಬೆಳಗಿ, ಓಣಿ ತುಂಬ ಮೆರವಣಿಗಿ ಮಾಡ್ತೀವಿ ಅಂತ ಹೇಳು. ಇಲ್ಲಿ ಓಣಿ ಇಲ್ಲ, ಅದಕ್ಕ ಮನ್ಯಾಗಽ ಮಾಡ್ತೀನಿ ಅನ್ನು."

ದೊಡ್ಡಪ್ಪ ಎದ್ದು ನಿಂತರು. ನಾನು ನನ್ನ ಊಟದ ತಟ್ಟೆ ನೋಡುತ್ತ ಕೂತೆ.

"ಅವ್ವಾ," ಅಂದರು. "ಅಂವ ಗೆದ್ದಿಲ್ಲ."

"ಮತ್ತ ಗೆಲ್ಲಾಕ ಹತ್ತಿದ್ನಲ್ಲ?"

"ಹತ್ತಿದ್ದ. ನಾ ನಿಲ್ಸಿದೆ."

ಅಜ್ಜಿ ತಟ್ಟೆ ಹಿಡಿದು ನಿಂತಳು. ಬತ್ತಿ ಉರಿಯುತ್ತಿತ್ತು. ಏನಂತೆ ಎಂದು ಕ್ಲಿಫ್ ಕೇಳಿದರು. ಅವರ ಇಂಗ್ಲಿಷು ನನಗೂ ಪೂರ್ತಿ ತಿಳಿಯುತ್ತಿರಲಿಲ್ಲ. ಆದರೆ ಆ ದಿನ ಆಡಿದ ಮಾತು ಇವತ್ತಿಗೂ ನೆನಪಿದೆ.

"ನೀನು ಗೆದ್ದೆ ಅಂತ ನಮ್ಮ ತಾಯಿ ತಿಳ್ಕೊಂಡಿದ್ದಾಳೆ," ಎಂದು ದೊಡ್ಡಪ್ಪ ಇಂಗ್ಲಿಷಿನಲ್ಲಿ ಹೇಳಿದರು.

"ನಾನೂ ಹಾಗೇ ತಿಳ್ಕೊಂಡಿದ್ದೆ ಅಂತ ಹೇಳಿ ಅವರಿಗೆ."

ಕ್ಲಿಫ್ ನೀರಿನ ಲೋಟವನ್ನು ಮೇಜಿನ ಮೇಲೆ ಸುತ್ತಿಸುತ್ತ ಹೇಳಿದರು: "ಇನ್ನೊಂದೇ ರೌಂಡು ಇತ್ತು, ಡಾಕ್. ಕಣ್ಣು ಕೊಟ್ಟುಬಿಡ್ತಿದ್ದೆ ನಾನು. ಆಮೇಲೆ ಯಾರೂ ನನ್ನನ್ನ ಅಲ್ಲೀವರೆಗೆ ಕರೀಲೇ ಇಲ್ಲ."

"ಗೊತ್ತಿತ್ತು. ಕೊಟ್ಟುಬಿಡ್ತೀ ಅಂತ ಗೊತ್ತಿದ್ದೇ ನಿಲ್ಲಿಸಿದೆ." ದೊಡ್ಡಪ್ಪ ಆ ಹುಬ್ಬಿನ ಗೆರೆಯ ಕಡೆ ಬೆರಳು ತೋರಿಸಿದರು. "ಹುಡುಗನಾಗಿದ್ದಾಗಿನಿಂದ ನಿನ್ನ ಹುಬ್ಬು ಹೊಲಿದವನು ನಾನು. ಬೇರೆ ಡಾಕ್ಟರಾಗಿದ್ದರೆ ಬಿಡ್ತಿದ್ದನೋ ಏನೋ. ಸರಿ ಮಾಡಿದೆನಾ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ, ಕ್ಲಿಫ್. ಆ ಟೇಪು ಅಲ್ಲಿಗೆ ಬಂದರೆ ನನ್ನ ಕೈಲಿ ನೋಡೋಕಾಗಲ್ಲ."

"ಬೈಯೋಣ ಅಂತಲೇ ಫೋನು ಮಾಡಿದ್ದು ನಾನು," ಅಂದರು ಕ್ಲಿಫ್. "ಇಷ್ಟು ವರ್ಷ ನಿಮ್ಮ ಮೇಲಿನ ಸಿಟ್ಟನ್ನ ಹೊತ್ಕೊಂಡೇ ತಿರುಗಿದೀನಿ. ಅದೂ ಒಂದು ದುಡಿಮೆನೇ. ಈಗ ಸುಸ್ತಾಗಿದೆ, ಡಾಕ್. ಬೈಯೋಕೂ ಆಗ್ತಿಲ್ಲ."

ಮಾತಿನ ಧಾಟಿಯಿಂದಲೇ ಅಜ್ಜಿಗೆ ಅರ್ಧ ತಿಳಿದಿರಬೇಕು. ಅವಳು ಕೇಳಿದ್ದು ಇಷ್ಟೇ: "ಆ ಕಣ್ಣು ಈಗ ಕಾಣಸ್ತದೇನು, ಕೇಳು."

ದೊಡ್ಡಪ್ಪ ಕೇಳಿದರು. ಕ್ಲಿಫ್ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಎಡಗಣ್ಣೊಂದರಿಂದ ಕೋಣೆಯನ್ನೆಲ್ಲ ನಿಧಾನಕ್ಕೆ ನೋಡುತ್ತ ಬಂದು, ನೋಟವನ್ನು ನನ್ನ ಮೇಲೆ ನಿಲ್ಲಿಸಿದರು.

"ಆ ಹುಡುಗಿಯ ಗಲ್ಲಕ್ಕೆ ಹೂರಣ ಮೆತ್ಕೊಂಡಿದೆ," ಅಂದರು.

ನಾನು ಒರೆಸಿಕೊಂಡೆ. ದೊಡ್ಡಪ್ಪ ಅದನ್ನು ಕನ್ನಡದಲ್ಲಿ ಹೇಳಲು ಹೋಗಿ, ಹೇಳಲಾಗದೆ, ಕನ್ನಡಕ ತೆಗೆದು ಮುಖ ಮುಚ್ಚಿಕೊಂಡರು. ದೊಡ್ಡವರು ಅಳುವುದನ್ನು ನಾನು ಮೊದಲು ನೋಡಿದ್ದು ಅಂದು. ಅಮ್ಮ ಸರ್ರನೆ ಎದ್ದು ಅಡಿಗೆಮನೆಗೆ ಹೋಗಿ ನಲ್ಲಿ ಬಿಟ್ಟಳು. ಅಜ್ಜಿ ಮಾತ್ರ ಆರತಿ ತಟ್ಟೆಯನ್ನು ಮೇಜಿನ ಮೇಲಿಟ್ಟು ರುಮಾಲು ಬಿಚ್ಚಿದಳು.

"ಕಣ್ಣು ಉಳೀತು, ಮುಗೀತಲ್ಲಪಾ ಮತ್ತ. ತಲಿ ಬಗ್ಗಸು ಅನ್ನು ಅವಗ."

ಕ್ಲಿಫ್ ಬಗ್ಗಿಸಿದರು. ಅಜ್ಜಿ ಹಿಂದಿನಿಂದ ಮುಂದಕ್ಕೆ ಸುತ್ತಿ, ತುದಿ ಸಿಕ್ಕಿಸಿ, ಹಣೆಗೆ ಕುಂಕುಮ ಹಚ್ಚಿ ಆರತಿ ಬೆಳಗಿದಳು.

ಆಮೇಲೆ ಟೇಪು ನೋಡಬೇಕೆಂದವರು ಕ್ಲಿಫ್. ರುಮಾಲಿನ ಸಮೇತ ಗರಾಜಿಗೆ ಬಂದು ದೊಡ್ಡಪ್ಪನ ಕುರ್ಚಿಯಲ್ಲೇ ಕೂತರು. ದೊಡ್ಡಪ್ಪ ಅಕ್ಕಿ ಚೀಲದ ಮೇಲೆ ಕೂತರು. ಹನ್ನೊಂದನೇ ರೌಂಡಿಗೆ ದೊಡ್ಡಪ್ಪ ಗುಂಡಿ ಒತ್ತಲು ಏಳಹೋದರು. ಕ್ಲಿಫ್ ಅವರ ತೋಳಿನ ಮೇಲೆ ಕೈಯಿಟ್ಟರು. ಟೇಪು ಮುಂದೆ ಓಡಿತು. ಸಣಕಲು ಮನುಷ್ಯ ಹಗ್ಗ ನುಸುಳಿ ಮೇಲೆ ಬಂದ.

"ಅಯ್ಯ, ಇಂವ ನಮ್ಮ ಶ್ರೀಪಾದ ಅಲ್ಲೇನು!" ಎಂದು ಅಜ್ಜಿ ಟಿವಿಯ ಹತ್ತಿರಕ್ಕೇ ಹೋದಳು. "ಎಷ್ಟು ಸೊರಗೇದೋ ಕೂಸು. ಊಟ ಹಾಕವ್ರು ಇದ್ದಿಲ್ಲೇನೋ ಅಲ್ಲಿ?"

ಕಪ್ಪುಗಳು ಹಾರಿ ಬರತೊಡಗಿದವು. ಒಂದು ಭುಜಕ್ಕೆ ಬಿತ್ತು. ಅಜ್ಜಿ ಆ ತಲೆ ತಗ್ಗಿಸಿದ ಹುಡುಗನನ್ನು ಗಾಜಿನ ಮೇಲೆ ಎರಡೂ ಕೈಯಿಂದ ಸವರಿ ಲಟಿಕೆ ಮುರಿದಳು. ಬೆರಳುಗಳೆಲ್ಲ ಚಟಚಟ ಅಂದವು.

"ಇನ್ನೊಂದೇ ರೌಂಡು," ಅಂದರು ಕ್ಲಿಫ್, ಯಾರಿಗೂ ಅಲ್ಲ.

"ಹೌದು," ಅಂದರು ದೊಡ್ಡಪ್ಪ.

ಕ್ಲಿಫ್ ತಾವೇ ಎದ್ದು ಹೋಗಿ ಟಿವಿ ಆರಿಸಿದರು. ಮಗಳು ಬಂದಾಗ ರುಮಾಲು ಬಿಚ್ಚದೆ ಹಾಗೇ ಕಾರು ಹತ್ತಿ ಹೋದರು. ಕೇಸರಿ ರುಮಾಲು ನಮ್ಮ ಬೀದಿಯ ತಿರುವಿನವರೆಗೆ ಕಾಣಿಸುತ್ತಿತ್ತು. ಕ್ಷಮಿಸಿದರೇ ಎಂದು ಕೇಳಿದರೆ ನನಗೆ ಗೊತ್ತಿಲ್ಲ, ದೊಡ್ಡಪ್ಪನಿಗೂ ಗೊತ್ತಿರಲಿಲ್ಲ. ಮತ್ತೆ ಅವರು ಬರಲಿಲ್ಲ, ಫೋನು ಮಾಡಲೂ ಇಲ್ಲ.

ಆ ಸಂಜೆ ವರ್ಕ್‌ಶೀಟಿನ ಹೊತ್ತಿಗೆ ಸ್ಟೂಲು ಬಂತು, ಟವಲು ಬಂತು, ಕಿತ್ತಳೆ ತೊಳೆಯೂ ಬಂತು. ಟಾರ್ಚು ಬಿಟ್ಟಾಗ ನನಗೆ ಕೊನೆಯ ಒಂದು ಪೇಜು ಉಳಿದಿತ್ತು. ಅದನ್ನು ಮುಗಿಸಲೇಬೇಕೆಂಬ ಹಟ ಬಂದು, ನಾನೂ ಅವರ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದೆ. "ದೊಡ್ಡಪ್ಪ, ಪ್ಲೀಸ್. ಒಂದೇ ಒಂದು." ಅವರು ಕೈ ಬಿಡಿಸಿಕೊಳ್ಳಲಿಲ್ಲ. ನನ್ನ ಮುಖ ನೋಡುತ್ತ ಸುಮಾರು ಹೊತ್ತು ನಿಂತರು. ಅವರಿಗೂ ಆ ಹನ್ನೊಂದನೇ ರೌಂಡೇ ಕಂಡಿತೇನೋ ಅನ್ನಿಸಿತು.

"ಸಾಕವಾ," ಅಂದರು. ಪುಸ್ತಕ ಮುಚ್ಚಿದರು. ನನಗೆ ಅಳು ಬಂತು, ಆಮೇಲೆ ನಿದ್ದೆ ಬಂತು. ಊಟವನ್ನೂ ಮಾಡದೆ ಅಜ್ಜಿಯ ತೊಡೆಯ ಮೇಲೆ ಮಲಗಿಬಿಟ್ಟೆ. ಪರೀಕ್ಷೆಯಲ್ಲಿ ಪಾಸಾದೆನೋ ಇಲ್ಲವೋ ಎಂದು ನೀವು ಕೇಳಬಹುದು. ಆದೆ. ಅದರಿಂದ ಏನಾಯಿತೆಂದು ಮಾತ್ರ ಕೇಳಬೇಡಿ.

ಈಗ ನಾನಿರುವುದೇ ಮಾರ್ಗನ್ ಹಿಲ್‌ನಲ್ಲಿ. ಕ್ಯುಪರ್ಟಿನೋದಲ್ಲಿ ಮನೆ ಕೊಳ್ಳುವುದು ನಮ್ಮ ಕೈಲಾಗದ ಮಾತು. ಬೆಳಿಗ್ಗೆ ಫ್ರೀವೇ ಮೇಲೆ ಒಂದು ಗಂಟೆ, ಸಂಜೆ ಒಂದು ಗಂಟೆಗಿಂತ ಹೆಚ್ಚು. ಅಜ್ಜಿ ಹೋಗಿ ಬಹಳ ವರ್ಷವಾಯಿತು. ದೊಡ್ಡಪ್ಪ ಹೋದ ಮೇಲೆ ಟಿವಿ, ವಿಸಿಆರು, ಡೆನಿಸ್, ವೇಲ್ಸಿನ ಕುಳ್ಳ, ಕಲ್ಲಪ್ಪ ಎಲ್ಲರನ್ನೂ ಹಳೇ ಯಂತ್ರಗಳನ್ನು ಎಸೆಯುವಲ್ಲಿಗೆ ಅಪ್ಪ ಕೊಟ್ಟು ಬಂದರು. ನೋಡುವ ಯಂತ್ರವೇ ಇಲ್ಲದ ಮೇಲೆ ಇಟ್ಟುಕೊಂಡು ಏನು ಮಾಡುವುದೆಂದು ನಾನೂ ಸುಮ್ಮನಿದ್ದೆ. ನಮ್ಮ ಗರಾಜಿನಲ್ಲಿ ಈಗ ಕಾರೇ ನಿಲ್ಲುತ್ತದೆ, ಚಾರ್ಜು ಮಾಡಬೇಕಲ್ಲ. ಬಾಗಿಲು ಎತ್ತಿದರೆ ಯಾವ ವಾಸನೆಯೂ ಬರುವುದಿಲ್ಲ.

ಪೆನ್ನಿನಂಥ ಆ ಟಾರ್ಚು ಮಾತ್ರ ನನ್ನ ಹತ್ತಿರ ಉಳಿದಿದೆ. ಮೊನ್ನೆ ಸಂಜೆ ಕನ್ನಡಿಯ ಮುಂದೆ ನಿಂತು ನನ್ನ ಕಣ್ಣಿಗೆ ನಾನೇ ಬಿಟ್ಟು ನೋಡಿದೆ. ಕಣ್ಣು ಕೋರೈಸಿತೇ ಹೊರತು ಏನೂ ಕಾಣಲಿಲ್ಲ. ಅಷ್ಟರಲ್ಲಿ ಬೆಂಗಳೂರಿನವರ ಜೊತೆ ಮೀಟಿಂಗಿಗೆ ಹೊತ್ತಾಯಿತು. ಅಡಿಗೆಮನೆಯ ಮೇಜಿನಲ್ಲಿ ನನ್ನ ಮಗಳು ಗಣಿತ ಮಾಡುತ್ತ ಕಣ್ಣು ಉಜ್ಜಿಕೊಳ್ಳುತ್ತಿದ್ದಳು. "ಅಮ್ಮಾ, ಆರ್ ವೀ ಡನ್?" ಅಂದಳು. ಹಾದು ಹೋಗುವಾಗ ನನ್ನ ಬಾಯಿಂದ ಬಂದದ್ದು, ಇನ್ನೆರಡು ಪೇಜಷ್ಟೇ ಪುಟ್ಟಾ, ಮುಗಿಸಿಬಿಡು.

ಲ್ಯಾಪ್‌ಟಾಪು ತೆರೆದು ಕೂತೆ. ಇನ್ನೊಂದೇ ರೌಂಡು ಎಂದು ದಿನವೂ ಹೇಳಿಕೊಳ್ಳುತ್ತೇನೆ. ಹಗ್ಗ ನುಸುಳಿ ಬಂದು, ರೆಪ್ಪೆ ಎತ್ತಿ ನೋಡಿ, ತಲೆ ಅಡ್ಡಡ್ಡ ಆಡಿಸುವವರು ಈ ಮನೆಯಲ್ಲಿ ಯಾರೂ ಇಲ್ಲ.